ದೊರೆಗಳು ಬಿಟ್ಟುಹೋದ ಸಾಮಾನು

ಹಳೆಯ ಸಾಮಾನು ಒಂಟಿಯಾಗಿ ಮನೆಗೆ ಬರುವುದಿಲ್ಲ, ಜೊತೆಗೊಂದು ಪೇಚಾಟವನ್ನೂ ಕರೆದುಕೊಂಡೇ ಬರುತ್ತದೆ. ನನ್ನ ಮಟ್ಟಿಗೆ ಇದು ಒಮ್ಮೆಯೂ ತಪ್ಪಿದ್ದಿಲ್ಲ. ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಗುಮಾಸ್ತನಾಗಿದ್ದ ಕಾಲ ಅದು. ಕಾಫಿ ತೋಟದ ಬಿಳಿ ದೊರೆಗಳು, ಕಂಪೆನಿಯ ದೊರೆಗಳು ಊರು ಬಿಟ್ಟು ಹಡಗು ಹತ್ತುವಾಗ ಬಂಗಲೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಏಲಂ ಹಾಕುತ್ತಿದ್ದರು. ಏಲಂ ಉಂಟು ಎಂದು ಕಿವಿಗೆ ಬಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಆ ಸಾಮಾನು ಮನೆಗೆ ಬಂದ ಮೇಲೆ ನನ್ನ ಹೆಂಡತಿಗೆ ಊಟ ಸೇರುತ್ತಿರಲಿಲ್ಲ.

ಮಾವನವರ ಕುರ್ಚಿ

ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೆ ಮೊದಲು ಬಂದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗಿ, ಅಮ್ಮನಿಗೆ ಅದೇ ಚಿಂತೆಯಾಗಿತ್ತು. ನಮ್ಮಲ್ಲಿ ಮಾತು ಮುಗಿಸುವವರು ಗಂಡಿನ ಸೋದರಮಾವ. ಅವರು ಬಹಳ ಗಂಭೀರ ಮನುಷ್ಯ, ಮರ್ಯಾದೆಯಲ್ಲಿ ಎಳ್ಳಷ್ಟು ಕಮ್ಮಿಯಾದರೂ ಎದ್ದುಹೋಗುವವರು ಎಂದು ಸಂಬಂಧ ತಂದವರು ಮೊದಲೇ ಹೇಳಿದ್ದರು.

ಅವರಿಗೆಂದೇ ನಾನು ಒಂದು ಏಲಂನಿಂದ ಕುರ್ಚಿ ತಂದಿದ್ದೆ. ಅಪ್ಪಟ ಸಾಗುವಾನಿ, ಕೆತ್ತನೆಯ ಕೈಗಳು, ದಪ್ಪ ಮೆತ್ತೆ. ಮೆತ್ತೆ ಎತ್ತಿದರೆ ನಡುವೆ ದುಂಡಗಿನ ಕಂಡಿ, ಅದರ ಕೆಳಗೆ ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆ. ಎಲೆ ಅಡಿಕೆ ಇಟ್ಟುಕೊಳ್ಳಲು ದೊರೆ ಮಾಡಿಸಿಕೊಂಡದ್ದಿರಬೇಕು ಎಂದುಕೊಂಡು ಎಲೆ ತಟ್ಟೆಯನ್ನು ಅದರೊಳಗೇ ಇಟ್ಟೆ.

ಮಾವನವರು ಚಾವಡಿಗೆ ಬಂದು ಕುರ್ಚಿಯನ್ನು ನೋಡಿದರು, ನಿಂತುಬಿಟ್ಟರು. ಕುಳಿತುಕೊಳ್ಳಿ ಎಂದೆ. ಅಡ್ಡಿಯಿಲ್ಲ ಎಂದರು. ಮತ್ತೊಮ್ಮೆ ಹೇಳಿದೆ. ನಿಂತೇ ಮಾತಾಡುತ್ತೇನೆ ಎಂದರು. ಹುಡುಗಿ ಬಂದು ಹೋದಳು, ಅವರು ನಿಂತೇ ಇದ್ದರು. ಹಿರಿಯರು ನಿಂತಿರುವಾಗ ಉಳಿದವರು ಕೂರುವುದು ಹೇಗೆ? ಎಲ್ಲರೂ ಎದ್ದು ನಿಂತರು. ಬಾಗಿಲ ಸಂದಿನಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಕಂಡಿತು. ಇದೂ ಹೋಯಿತು ಎಂದುಕೊಂಡೆ. ಕೊನೆಯ ಪ್ರಯತ್ನವೆಂದು ಮೆತ್ತೆ ಎತ್ತಿ, ಕಂಡಿಯೊಳಗೆ ಕೈ ಹಾಕಿ, ಎಲೆ ತಟ್ಟೆ ತೆಗೆದು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದೆ.

ಮಾವನವರು ತಟ್ಟೆಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ನಾನು ತೋಟದಲ್ಲಿ ದೊರೆಯ ಲೆಕ್ಕ ಬರೆಯುವ ರೈಟರಾಗಿದ್ದವ. ನಮ್ಮ ದೊರೆ ಇಂಥ ಕುರ್ಚಿಯಲ್ಲಿ ದಿನಾ ಬೆಳಿಗ್ಗೆ ಒಂದು ಸಾರಿ ಕೂರುತ್ತಿದ್ದ. ಬಾಗಿಲು ಹಾಕಿಕೊಂಡು.”

ಸಂಬಂಧ ಕುದುರಿತು. ಎಲೆ ಮಾತ್ರ ಯಾರೂ ಹಾಕಲಿಲ್ಲ.

ದುರ್ಬೀನು

ಯುದ್ಧದ ಕಾಲದಲ್ಲಿ ಬಂದರಿನ ಹಳೆ ಸಾಮಾನಿನ ಅಂಗಡಿಯಲ್ಲಿ ನನಗೊಂದು ಹಿತ್ತಾಳೆಯ ದುರ್ಬೀನು ಸಿಕ್ಕಿತು. ಯಾವುದೋ ಕಪ್ತಾನನದ್ದಂತೆ. ಅದನ್ನು ಹಿಡಿದುಕೊಂಡು ಗುಡ್ಡ ಹತ್ತಿ ಸಮುದ್ರದ ಕಡೆ ತಿರುಗಿಸಿದ್ದಷ್ಟೆ, ಎರಡು ಬದಿಯಿಂದ ಇಬ್ಬರು ಪೊಲೀಸರು ತೋಳು ಹಿಡಿದರು.

ನನ್ನನ್ನು ಠಾಣೆಗೆ ತಂದು ಇನ್‌ಸ್ಪೆಕ್ಟರರ ಮುಂದೆ ನಿಲ್ಲಿಸಿದರು. ಯಾವ ಹಡಗು ನೋಡುತ್ತಿದ್ದಿ, ಯಾರಿಗೆ ಸುದ್ದಿ ಕೊಡುತ್ತಿ ಎಂದು ಅವರು ಕೇಳಿದರು. ಗೂಢಚಾರನೆಂದು ಹೆಸರು ಬಿದ್ದರೆ ಕೆಲಸ ಹೋಗುವುದು ಹಾಗಿರಲಿ, ನಾನೇ ಹೋಗುವ ಕಾಲ. ಹಡಗು ಯಾವುದೂ ಕಾಣಲಿಲ್ಲ, ಹಳೆಯ ಸಾಮಾನಿನ ಮರುಳು ಮಾತ್ರ ಎಂದು ಆಣೆ ಹಾಕಿದೆ. ಎಷ್ಟು ದೂರ ಕಾಣುತ್ತದೆ ನೋಡಿಯೇ ಬಿಡುವ ಎಂದು ಅವರು ನನ್ನನ್ನೂ ಎಳೆದುಕೊಂಡು ಮಹಡಿ ಹತ್ತಿದರು.

ದುರ್ಬೀನು ಮೆಲ್ಲಗೆ ತಿರುಗುತ್ತಾ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ನಿಂತಿತು. ಇನ್‌ಸ್ಪೆಕ್ಟರರ ಕುತ್ತಿಗೆ ಕೆಂಪಾಯಿತು. ವೈರಿಯ ಹಡಗೇ ಬಂತು, ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವರಿಗೆ ಕಂಡದ್ದು ಹಡಗಲ್ಲ. ಸಮುದ್ರ ಕಾಯಲು ಹಾಕಿದ್ದ ಅವರ ನಾಲ್ವರು ಪೊಲೀಸರು ದೋಣಿಯ ನೆರಳಿನಲ್ಲಿ ಟೋಪಿ ತೆಗೆದಿಟ್ಟು ಇಸ್ಪೀಟು ಆಡುತ್ತಿದ್ದರು.

ನನ್ನನ್ನು ಮನೆಗೆ ಕಳುಹಿಸಿ ದುರ್ಬೀನನ್ನು ಅವರೇ ಇಟ್ಟುಕೊಂಡರು. ಯುದ್ಧ ಮುಗಿಯುವ ತನಕ ವೈರಿಯ ಹಡಗು ಒಂದೂ ಸಿಗಲಿಲ್ಲವಂತೆ. ಇಸ್ಪೀಟಿನ ಕಟ್ಟು ಮಾತ್ರ ಪೆಟ್ಟಿಗೆ ತುಂಬ ಸಿಕ್ಕಿದವಂತೆ.

ಜೋಡಿ ದೀಪ

ಕೊಟ್ಟಾರದ ಆಚೆ ಒಂದು ಬಂಗಲೆಯ ಏಲಂನಲ್ಲಿ ನೀಲಿ ಗಾಜಿನ ಬುರುಡೆಯ ಮೇಜಿನ ದೀಪವೊಂದನ್ನು ಕಂಡು ನಾನು ಅಲ್ಲೇ ನಿಂತುಬಿಟ್ಟೆ. ಅಂಥದ್ದೇ ಒಂದು ನನ್ನ ಮನೆಯ ಕೋಣೆಯಲ್ಲಿ ಇತ್ತು. ಇದೂ ಸಿಕ್ಕಿದರೆ ಜೋಡಿಯಾಗುತ್ತದೆ. ಇಂಥ ದೀಪದ ಜೋಡಿ ಇಡೀ ಜಿಲ್ಲೆಯಲ್ಲಿ ಯಾರ ಮನೆಯಲ್ಲೂ ಇರಲಾರದು.

ನನ್ನ ದುರದೃಷ್ಟಕ್ಕೆ ಒಬ್ಬ ವಕೀಲರ ಕಣ್ಣೂ ಅದರ ಮೇಲೆ ಬಿತ್ತು. ನಾನು ಬೆಲೆ ಏರಿಸಿದೆ, ಅವರು ಏರಿಸಿದರು. ಉಳಿದವರೆಲ್ಲ ಹಿಂದೆ ಸರಿದು ನಮ್ಮಿಬ್ಬರ ಮುಖ ನೋಡುತ್ತ ನಿಂತರು. ಏಲಂನವನು ಒಂದು ಸಾರಿ, ಎರಡು ಸಾರಿ ಎಂದಾಗಲೆಲ್ಲ ವಕೀಲರು ಮೀಸೆ ಸವರಿಕೊಂಡು ಮತ್ತೆ ಬಾಯಿ ತೆರೆಯುತ್ತಿದ್ದರು. ಕೊನೆಗೆ ನಾನು ಕಣ್ಣು ಮುಚ್ಚಿಕೊಂಡು ಹೇಳಿದ ಬೆಲೆಗೆ ಅವರು ತಲೆ ಕೊಡವಿ ಕೊಡೆ ಬಿಡಿಸಿ ನಡೆದರು.

ದೀಪವನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ಬಂದೆ. ಮನೆಯ ದೀಪದ ಪಕ್ಕದಲ್ಲಿ ಇಡೋಣವೆಂದು ಕೋಣೆಗೆ ಹೋದರೆ ಅಲ್ಲಿ ದೀಪವೇ ಇಲ್ಲ. ಕಳ್ಳ ಬಂದಿದ್ದಾನೆ ಎಂದು ಮನೆಯೆಲ್ಲ ಹುಡುಕಾಡಿದೆ. ಹೆಂಡತಿ ಬಾಗಿಲಿಗೆ ಒರಗಿ ಸೆರಗಿನ ತುದಿ ತಿರುಚುತ್ತಿದ್ದಳು. ಹೆದರಿದ್ದಾಳೆ ಎಂದುಕೊಂಡೆ. ಪೊಲೀಸರಿಗೆ ಹೇಳಿ ಬರುತ್ತೇನೆಂದು ಹೊರಟರೆ ಕೈ ಹಿಡಿದು, ಮೊದಲು ಸ್ವಲ್ಪ ಮಜ್ಜಿಗೆ ಕುಡಿಯಿರಿ ಎಂದು ಕೂರಿಸಿದಳು.

ಅಷ್ಟರಲ್ಲಿ ಅವಳ ತಮ್ಮ ಹೊರಗೆ ಕಾಲು ತೊಳೆಯುತ್ತಲೇ ಕೂಗಿ ಹೇಳಿದ: “ಅಕ್ಕಾ, ನೀನು ಮಾರಲು ಕೊಟ್ಟ ದೀಪ ಏಲಂನಲ್ಲಿ ಹೋಯಿತಂತೆ. ಯಾರೋ ಮಂಡೆ ಸಮ ಇಲ್ಲದವ ವಕೀಲರ ಜೊತೆ ಜಿದ್ದಿಗೆ ಬಿದ್ದು ತಕೊಂಡನಂತೆ.”

ಒಳಗೆ ಕಾಲಿಟ್ಟವನಿಗೆ ನಾನು ಕಂಡೆ. ನನ್ನ ತೊಡೆಯ ಮೇಲೆ ದೀಪವೂ ಕಂಡಿತು. ಅವನು ಅಕ್ಕನ ಮುಖ ನೋಡಿದ, ಆಮೇಲೆ ಬಹಳ ವಿನಯದಿಂದ ಕೇಳಿದ: “ಬಾವ, ನಮ್ಮದರ ಹಾಗೆಯೇ ಇನ್ನೊಂದು ಸಿಕ್ಕಿತಾ?”

ಚಿರತೆ

ಬಿಕರ್ನಕಟ್ಟೆಯ ಕಡೆ ಒಬ್ಬ ತೋಟದ ದೊರೆಯ ಏಲಂನಲ್ಲಿ ನಾನು ಒಂದು ಚಿರತೆ ತೆಗೆದುಕೊಂಡೆ. ದೊರೆ ತಾನೇ ಹೊಡೆದು, ಒಳಗೆ ಒಣಹುಲ್ಲು ತುಂಬಿಸಿ ಇಟ್ಟದ್ದು. ಗಾಜಿನ ಕಣ್ಣು, ತೆರೆದ ಬಾಯಿ, ಈಗ ಹಾರುತ್ತದೆ ಎನ್ನುವ ಹಾಗೆ ಕುಳಿತ ಭಂಗಿ. ನನಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಭಾಗದಲ್ಲಿ ನಿಜವಾದ ಚಿರತೆಯೊಂದು ಕರುಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ಊರಿನ ದೊಡ್ಡ ಮನೆತನವಾದ ಗುತ್ತಿನ ಮನೆಯ ಧಣಿಗಳು ಕೋವಿ ಹಿಡಿದು ಅದಕ್ಕಾಗಿ ಕಾಯುತ್ತಿದ್ದರು.

ಎತ್ತಿನ ಗಾಡಿ ಮಾಡಿದೆ. ನಿಜ ಹೇಳಿದರೆ ಗಾಡಿಯವನು ಒಪ್ಪುವುದಿಲ್ಲವೆಂದು ಚಿರತೆಗೆ ಗೋಣಿ ಹೊದಿಸಿ, ದೊರೆಯ ಮನೆಯ ಸಾಮಾನು ಎಂದೆ. ಇಳಿಜಾರಿನಲ್ಲಿ ಕುಲುಕಾಟಕ್ಕೆ ಗೋಣಿ ಜಾರಿತು. ಗಾಡಿಯವನು ಎಲೆ ಉಗುಳಲೆಂದು ಪಕ್ಕಕ್ಕೆ ತಿರುಗಿದ. ಅವನ ಹೆಗಲ ಮೇಲೆಯೇ ಚಿರತೆಯ ಬಾಯಿ. ಉಗುಳಬೇಕಾದದ್ದನ್ನು ನುಂಗಿ, ಗಾಡಿಯಿಂದ ಹಾರಿ, ಗದ್ದೆಗೆ ಅಡ್ಡವಾಗಿ ಓಡಿದ.

ಹಗ್ಗ ಸಡಿಲಾದ ಎತ್ತುಗಳೂ ಓಡಿದವು. ನನಗೆ ಹಗ್ಗ ಹಿಡಿಯುವುದೋ, ಚಿರತೆ ಬೀಳದ ಹಾಗೆ ಹಿಡಿಯುವುದೋ ತಿಳಿಯಲಿಲ್ಲ. ಚಿರತೆಯ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡೆ. ಗಾಡಿ ಎಸೆದ ಹಾಗೆಲ್ಲ ಒಮ್ಮೆ ಅದು ನನ್ನ ಮೇಲೆ, ಒಮ್ಮೆ ನಾನು ಅದರ ಮೇಲೆ. ರಸ್ತೆಯ ಬದಿಯವರಿಗೆ ಅದು ಹೇಗೆ ಕಂಡಿತೋ, ಪಿಲಿ, ಪಿಲಿ, ಹುಲಿ ಬಂತು ಎಂದು ಕೂಗು ಎದ್ದಿತು. ಅಂಗಡಿಗಳ ಬಾಗಿಲು ಧಡಧಡ ಮುಚ್ಚಿದವು.

ರಸ್ತೆ ಬದಿಯ ಒಂದು ಕಟ್ಟೆಯ ಹತ್ತಿರ ಎತ್ತುಗಳು ತಾವಾಗಿಯೇ ನಿಂತವು. ಎದುರಿಗೆ ಧಣಿಗಳು, ಅವರ ಹಿಂದೆ ದೂರದಲ್ಲಿ ಜನ. ಕೋವಿಯ ಬಾಯಿ ನನ್ನ ಎದೆಯ ನೇರಕ್ಕಿತ್ತು.

“ಅಲ್ಲಾಡಬೇಡಿ ಮಾರಾಯ್ರೆ,” ಎಂದರು ಧಣಿಗಳು.

ಇದು ಸತ್ತದ್ದು, ಹಿಂದೆಯೇ ಸತ್ತದ್ದು ಎಂದು ಕೂಗಿದೆ. ಧಣಿಗಳು, ಸತ್ತ ಹಾಗೆ ನಟಿಸುವುದು ಅದರ ಬುದ್ಧಿ, ನೀವು ಕೈ ಬಿಟ್ಟು ಹಾರಿ ಎಂದರು. ಅವರ ಬೆರಳು ಕೋವಿಯ ಕುದುರೆಯನ್ನು ಎಳೆಯತೊಡಗಿದ್ದು ಕಂಡಿತು. ಚಿರತೆಯೋ ಜೀವವೋ ಎಂದಾದಾಗ ನಾನು ಹಾರಿದೆ.

ಗುಂಡು ಹಾರಿತು. ಚಿರತೆ ಮಗುಚಿ ರಸ್ತೆಗೆ ಬಿತ್ತು. ಜನ ಓಡಿಬಂದು ಧಣಿಗಳನ್ನು ಎತ್ತಿಕೊಂಡರು. ಒಬ್ಬ ಮುದುಕಿ ನನ್ನ ಮೈಯೆಲ್ಲ ಸವರಿ, ಹುಲಿಯ ಬಾಯಿಂದ ಬದುಕಿ ಬಂದೆಯಲ್ಲ ಮಗಾ ಎಂದು ಅತ್ತಳು. ಆ ಗದ್ದಲದಲ್ಲಿ ನನ್ನ ಮಾತು ಯಾರಿಗೂ ಬೇಕಿರಲಿಲ್ಲ. ಅಷ್ಟರಲ್ಲಿ ಚಿರತೆಯ ಹತ್ತಿರ ಬಗ್ಗಿದ್ದ ಒಬ್ಬ ತಲೆ ಎತ್ತಿ ಹೇಳಿದ: “ಧಣಿಗಳೇ, ರಕ್ತ ಇಲ್ಲ. ಹೊಟ್ಟೆಯಿಂದ ಹುಲ್ಲು ಬರ್ತಾ ಉಂಟು.”

ಧಣಿಗಳನ್ನು ಎತ್ತಿದವರು ಮೆಲ್ಲಗೆ ಕೆಳಗಿಳಿಸಿದರು. ಅವರು ಬಂದು ಗುಂಡಿನ ತೂತಿನಿಂದ ಒಂದು ಹಿಡಿ ಹುಲ್ಲು ಎಳೆದರು. ಹುಲ್ಲನ್ನು ನೋಡಿದರು, ಜನರನ್ನು ನೋಡಿದರು, ನನ್ನನ್ನು ನೋಡಿದರು. ಕೋವಿ ಇನ್ನೂ ಅವರ ಕೈಯಲ್ಲೇ ಇತ್ತು. ನಾನು ಬಾಯಿ ಮುಚ್ಚಿಕೊಂಡೆ.

ಧಣಿಗಳು ಹುಲ್ಲನ್ನು ಮೂಸಿ ನೋಡಿ ತಲೆಯಾಡಿಸಿದರು.

“ನಮ್ಮ ಕರುವನ್ನು ತಿಂದದ್ದು ಇದೇ,” ಎಂದರು. “ಕರು ತಿಂದ ಹುಲ್ಲು ಇನ್ನೂ ಕರಗಲಿಲ್ಲ.”