ವೈಜಿನಾಥ ಗೋಡೆಗೆ ಮುಖ ಮಾಡಿದ್ದು

ವೈಜಿನಾಥ ಮಾಡಿದ ತಪ್ಪು ಒಂದೇ. ಬೆವರು ಒರೆಸಿಕೊಳ್ಳಲು ಗೋಡೆಯಿಂದ ಮುಖ ತಿರುಗಿಸಿದ.

ಹುಮನಾಬಾದಿನಲ್ಲಿ ಮಹಾರುದ್ರಪ್ಪ ಸಾವಕಾರರು ಆ ವರ್ಷ ನಾಲ್ಕಂತಸ್ತಿನ ಲಾಡ್ಜು ಎಬ್ಬಿಸಿದ್ದರು. ದುಬಲಗುಂಡಿಯ ವೈಜಿನಾಥ ಪುಣೆಯಲ್ಲಿ ಹೊಸ ಕಸುಬು ಕಲಿತು ಬಂದಿದ್ದ. ಮಾಳಿಗೆಯ ಕಂಬಕ್ಕೆ ಎರಡು ಹಗ್ಗ ಬಿಗಿದು, ಒಂದಕ್ಕೆ ತಾನು ಜೋತುಬಿದ್ದು, ಇನ್ನೊಂದನ್ನು ಜೀವಕ್ಕೆ ಜಾಮೀನು ಇಟ್ಟು, ಬಣ್ಣ ಬಳಿಯುತ್ತ ಇಳಿಯುವುದು.

"ಇವತ್ತು ಹಿಂದಿನ ಗ್ವಾಡಿ ಮಾಡಿ ತೋರ್ಸು," ಎಂದಿದ್ದರು ಸಾವಕಾರರು. "ಓಣ್ಯಾಗಿಂದ ಒಂದ್ ತಕರಾರ ಬಂತಂದ್ರ ಉಳಿದ ಮೂರೂ ಗ್ವಾಡಿ ಬೊಂಬು ಕಟ್ಟಿ ಬಣ್ಣ ಹಚ್ಚವ್ರಿಗೆ."

ಈಗ ಕೆಳಗೆ, ಲಾಡ್ಜಿನ ಹಿಂದಿನ ಮನೆಯ ಅಂಗಳದಿಂದ ರುಕ್ಮಿಣಿಬಾಯಿಯ ದನಿ ಹಗ್ಗ ಹಿಡಿದೇ ಮೇಲೇರಿತು.

"ಏ ತಮ್ಮಾ, ಏನ್ ನೋಡಾಕತ್ತಿ?"

"ಬೆವರು ಒರಸ್ಕೊಳ್ಳಾಕತ್ತೇನ್ರಿ ಮಾವಶಿ."

"ಬೆವರು ನಿನ್ನ ಮಾರಿ ಮ್ಯಾಲದನೋ, ನಮ್ಮ ಅಂಗಳದಾಗದನೋ?"

ಪಕ್ಕದ ಮನೆಯ ಸರ್ವರಿಬೀ ಬಾಗಿಲ ಮರೆಯಿಂದಲೇ ಸಾಕ್ಷಿ ನುಡಿದಳು. "ಮುಂಜಾನಿಂದ ನೋಡಾಕತ್ತೀನಿ, ಅವನ ಹಗ್ಗ ನಮ್ಮ ಮನಿ ಕಡಿಗೇ ಹೊಳ್ಳತದ!"

ವೈಜಿನಾಥ ಗಾಣದೆತ್ತಿನಂತೆ ಕಣ್ಣಿನ ಎರಡೂ ಬದಿಗೆ ಟವೆಲು ಕಟ್ಟಿಕೊಂಡ.

"ಮಾರಿ ಮುಚ್ಕೊಂಡ ನೋಡ್ರಿ! ಗುರ್ತು ಹತ್ತಬಾರದಂತ ಕಳ್ಳಗ!"

ವೈಜಿನಾಥ ಮೇಲೆ ಹತ್ತಿ ಲಾಡ್ಜಿನ ಚಾದರ ತಂದು ತನ್ನ ಸುತ್ತ ಪರದಾ ಕಟ್ಟಿ ಇಳಿದ.

"ಒಳಗ ಕುಂತು ಏನ್ ಮಾಡಾಕತ್ತಾನವ್ವ?"

"ಚಾದರದಾಗ ತೂತು ಕೊರದಿರ್ತಾನ!"

ಅಷ್ಟರಲ್ಲಿ ಗಾಳಿ ಚಾದರದೊಳಗೆ ಹೊಕ್ಕಿತು. ವೈಜಿನಾಥ ಮದುವೆ ಮನೆಯ ಬಲೂನಿನಂತೆ ಉಬ್ಬಿ, ಎರಡು ಸುತ್ತು ತಿರುಗಿ, ಹಸಿರು ಬಣ್ಣದ ಬಕೀಟನ್ನು ತನ್ನ ತಲೆಗೇ ಸುರುವಿಕೊಂಡ. ಚಾದರ ಕಿತ್ತೆಸೆದು, ಗೋಡೆಗೆ ಮೂಗು ಹಚ್ಚಿ ಕೂಗಿದ:

"ನಮ್ಮವ್ವನ ಆಣಿ, ಸಂಜಿತನಕ ಈ ಕಡಿ ಹೊಳ್ಳಿ ನೋಡಂಗಿಲ್ರಿ!"

ಕೆಳಗೆ ಸದ್ದಡಗಿತು. ಮಧ್ಯಾಹ್ನ ಅಂಗಳದಲ್ಲಿ ಏನೋ ಕರಕರ ಸಪ್ಪಳ, ನಡುನಡುವೆ "ಬ್ಯಾ" ಎಂಬ ದನಿ. ಈಗ ಸಂಶಯಪಡುವ ಸರದಿ ವೈಜಿನಾಥನದು. 'ಆಡಿನಂಗ ಒದರಿ ನನ್ನ ಆಣಿ ಮುರಸ್ಲಿಕ್ಕ ನೋಡಾಕತ್ತಾರ' ಎಂದುಕೊಂಡು ಕಣ್ಣನ್ನೂ ಮುಚ್ಚಿಕೊಂಡ. ಸಪ್ಪಳ ನಿಂತ ಮೇಲೆಯೇ ಕುಂಚ ಎತ್ತಿದ.

ಸಂಜೆ ಗೋಡೆ ಹೊಸ ಮದುಮಗಳಂತೆ ಹೊಳೆಯುತ್ತಿತ್ತು. ಸಾವಕಾರರು ಅದನ್ನು ಸವರಿ ನೋಡಿ, "ಶಾಬಾಸ್! ತಕರಾರೂ ಇಲ್ಲ. ನಾಳಿ ಉಳಿದ ಮೂರು..." ಎನ್ನುವಷ್ಟರಲ್ಲಿ ರುಕ್ಮಿಣಿಬಾಯಿ ಬಸ್ಸಿನ ಧೂಳಿನ ಸಮೇತ, ಖಾಲಿ ಮೊರ ಹಿಡಿದು ಬಂದಳು.

"ಸಾವಕಾರ್ರ, ಇವನ ಮ್ಯಾಲ ತಕರಾರ ಅದ."

"ಯಾಕ, ಅಂಗಳಾ ನೋಡಿದನೇನು?"

"ನೋಡಿದ್ರ ನಾ ಯಾಕ ಬರ್ತಿದ್ದೆ? ಆಣಿ ಗೀಣಿ ಯಾರ ನಂಬತಾರ! ಹ್ಯಾಂಗೂ ಮ್ಯಾಲಿಂದ ಕಣ್ಣಿಟ್ಟಿರ್ತಾನ ಅಂತ ಶಾವಿಗಿ ಒಣ ಹಾಕಿ, ಬಾಗಲಾ ತೆರದಿಟ್ಟು ಬಸವಕಲ್ಯಾಣಕ್ಕ ಹೋಗಿ ಬಂದೆ. ಎರಡು ಆಡು ಒಂದೆಳಿ ಬಿಡದಂಗ ಉಂಡು ಹೋಗ್ಯಾವ. ಈ ಪುಣ್ಯಾತ್ಮ ಗ್ವಾಡಿ ನೋಡಿಕೋತ ಕುಂತಾನ!"

"ನಾ ಒಳಗ ಮಲಗಿದ್ದೆ, ಇವ ಒಂದ್ ಕೂಗು ಹಾಕಲಿಲ್ಲ," ಎಂದಳು ಹಿಂದೆ ಬಂದ ಸರ್ವರಿಬೀ. "ನನಗ ಶಕ್ ಅದ. ಆಡಿನ ಜೋಡಿ ಕೈ ಮಿಲಾಯಿಸಿರಬೇಕು."

ಸಾವಕಾರರು ಬೊಂಬಿನವರಿಗೆ ಹೇಳಿ ಕಳಿಸಿದರು. ಆಮೇಲೆ ವೈಜಿನಾಥನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದರು:

"ಖರೇ ಹೇಳು, ಆಡು ನಿಮ್ಮ ಮನೀವೇ ಏನು?"