ಹದಿನೈದೇ ಪ್ರತಿ

ಅಳಬೇಕಾದ ಕೆಲಸಕ್ಕೆ ಹೊರಟಾಗಲೇ ನಗೆಪಾಟಲಾಗುವ ಪ್ರಸಂಗಗಳು ನನಗೆ ಗಂಟುಬೀಳುತ್ತವೆ. ಇವತ್ತು ನಿನ್ನೆಯದಲ್ಲ, ಹುಟ್ಟಿದಾಗಿನಿಂದ ಹೀಗೇ.

ಹೋದ ಶ್ರಾವಣದಲ್ಲಿ ಹೆಂಡತಿ ತೀರಿಕೊಂಡಳು. ಗೋಡೆಗೆ ಹಾಕಲು ಫೋಟೋ ಹುಡುಕಿದರೆ ಸಿಕ್ಕಿದ್ದು ಆಧಾರ್ ಕಾರ್ಡಿನದೊಂದೇ. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುವವಳು ಅವಳು. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆ. ಆ ಫೋಟೋದಲ್ಲಿ ಅವಳು ಎದುರಿಗಿದ್ದವರನ್ನೆಲ್ಲ ಬೈಯಲು ಬಾಯಿ ತೆರೆಯುವವಳಿದ್ದಾಳೆ. ಮಾತಾಡಿಸಲು ಬಂದವರು ಸ್ವಲ್ಪ ಹೆದರಿಕೊಂಡೇ ಕೂತು ಎದ್ದು ಹೋದರು.

ಅವಳು ನಕ್ಕ ಮುಖ ಉಳಿದದ್ದು ಒಂದೇ ಕಡೆ. ನಾನು ಗೋಕಾಕದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು. ನಿವೃತ್ತನಾದ ವರ್ಷ ಮರದ ಹಲಗೆಯ ಮೇಲೆ ಅವಳನ್ನು ಕೆತ್ತಿದೆ. ರೊಟ್ಟಿ ಬಡಿಯುತ್ತ, ಎದುರಿಗೆ ಕಾಗದ ಹಿಡಿದು ಮಣೆಯ ಮೇಲೆ ಕೂತ ನನ್ನನ್ನು ನೋಡಿ ನಗುತ್ತಿದ್ದಾಳೆ. ಹಲಗೆಗೆ ಮಸಿ ಹಚ್ಚಿ, ಕಾಗದ ಹಾಸಿ, ಮರದ ಸೌಟಿನಿಂದ ಬೆನ್ನುಜ್ಜಿ ಹದಿನೈದು ಪ್ರತಿ ತೆಗೆದೆ. ಒಂದೊಂದರ ಕೆಳಗೂ ಎಡಕ್ಕೆ ಪೆನ್ಸಿಲ್ಲಿನಲ್ಲಿ ೧/೧೫, ೨/೧೫ ಎಂದು ಬರೆದೆ. ಮೊದಲ ಅಂಕಿ ಆ ಪ್ರತಿ ಎಷ್ಟನೆಯದೆಂದು ಹೇಳುತ್ತದೆ, ಎರಡನೆಯದು ಒಟ್ಟು ಎಷ್ಟೆಂದು. ಬಲಕ್ಕೆ ನನ್ನ ಸಹಿ. ಎಲ್ಲ ಮುಗಿದ ಮೇಲೆ ಹಲಗೆಯ ಮೇಲೆ ಉಳಿಯಿಂದ ಎರಡು ಗೀಟು ಕೊರೆದು ಅದನ್ನು ಕೆಡಿಸಬೇಕು. ಹದಿನಾರನೆಯದು ಇನ್ನು ಹುಟ್ಟುವುದಿಲ್ಲ ಎಂದು ಕೊಂಡವರಿಗೆ ಕೊಡುವ ಮಾತು ಅದು.

ಪ್ರತಿಗಳನ್ನು ಬೆಳಗಾವಿಯ ಪ್ರದರ್ಶನಕ್ಕೆ ಒಯ್ದು, ಮೂರು ದಿನದಲ್ಲಿ ಎಲ್ಲವನ್ನೂ ಮಾರಿ ಬಂದೆ. ಬಂದವನೇ ಉಳಿ ಕೈಗೆತ್ತಿಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಮಾರಿ ಮ್ಯಾಲೆ ಗೀಟ ಕೊರಿತೀರೇನ್ರಿ?"

"ಕಾಯ್ದೆ ಹಂಗೈತಿ."

"ನನಗಂತ ಒಂದೂ ಇಡಲಿಲ್ಲಲ್ರಿ."

"ನಿನಗ್ಯಾಕ? ಕನ್ನಡಿ ಐತೆಲ್ಲ."

ಕಲಾವಿದ ತನಗೆಂದು ಲೆಕ್ಕದ ಹೊರಗೆ ಒಂದೆರಡು ಪ್ರತಿ ಇಟ್ಟುಕೊಳ್ಳುವ ರೂಢಿ ಉಂಟು. ನಾನು ಇಟ್ಟುಕೊಳ್ಳಲಿಲ್ಲ. ಅಸಲಿಯೇ ಮನೆಯಲ್ಲಿ ಓಡಾಡಿಕೊಂಡಿರುವಾಗ ಪ್ರತಿ ಯಾಕೆ ಅಂದುಕೊಂಡೆ. ನನ್ನಂಥ ಶಾಣ್ಯಾ ತಾಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಈಗ ಅವಳ ಒಂದು ಪ್ರತಿಯನ್ನಾದರೂ ಯಾರಿಂದಲಾದರೂ ಕೇಳಿ ತರಬೇಕಿತ್ತು. ಕೊಂಡವರಲ್ಲಿ ಹತ್ತಿರದವರು ಮೂವರು.

೧. ಮೂಡಲಗಿಯಲ್ಲಿ ಔಟಾಫ್ ಔಟ್

ಮೂಡಲಗಿಯ ಕಿರಾಣಿ ಅಂಗಡಿಯ ಸಾಹುಕಾರರ ಹತ್ತಿರ ಐದನೆಯ ಪ್ರತಿ ಇತ್ತು. ಕೊಳ್ಳುವ ದಿನವೇ ಅವರು ೫/೧೫ ನೋಡಿ ಮುಖ ಸಣ್ಣದು ಮಾಡಿದ್ದರು. "ಹದಿನೈದಕ್ಕ ಐದ ಬಿದ್ದಾವೇನ್ರಿ ಮಾಸ್ತರ? ಜರಾ ಶಾಣೇದ ಇದ್ರ ಕೊಡ್ರಲಾ," ಎಂದಿದ್ದರು. ಇದು ಮಾರ್ಕ್ಸ್ ಅಲ್ಲ, ಐದನೆಯದೂ ಹದಿನೈದನೆಯದೂ ಒಂದೇ ತೂಕದವು ಎಂದು ಅರ್ಧ ಗಂಟೆ ಬಿಡಿಸಿ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗರು ಆಡಿಸುವ ಹಾಗೆ ತಲೆ ಆಡಿಸಿದ್ದರು.

ಈಗ ಹೋದರೆ ಪಡಸಾಲೆಯಲ್ಲಿ ಸೋಫಾದ ಮೇಲುಗಡೆ ಅವಳು ನಗುತ್ತಿದ್ದಳು. ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ ೧೫/೧೫ ಎಂದಿತ್ತು. ನನ್ನ ಪೆನ್ಸಿಲ್ಲಿನ ಐದರ ಎಡಕ್ಕೆ ಯಾರೋ ನೀಲಿ ಬಾಲ್‌ಪೆನ್ನಿನಿಂದ ಒಂದರ ಅಂಕಿ ಸೇರಿಸಿದ್ದರು.

"ಸಾಹುಕಾರ್ರ, ಇದೇನ್ರಿ?"

"ಮಗಳನ್ನ ನೋಡಾಕ ಬೀಗರು ಬಂದಿದ್ರರಿ. ನಪಾಸಾದ ಚಿತ್ರ ಗ್ವಾಡಿಗೆ ಯಾಕ ಹಾಕ್ಕೊಂಡೀರಿ ಅಂತ ಕೇಳಿದ್ರು. ಎರಡನೇ ಸಲ ಬರೂದ್ರಾಗ ಪಾಸ್ ಮಾಡಿಬಿಟ್ನಿ."

ನಾನು ಬಂದ ಕೆಲಸ ಹೇಳಿದೆ. ಮನೆಯಾಕಿಯ ನಕ್ಕ ಮುಖ ಇನ್ನೆಲ್ಲೂ ಇಲ್ಲ, ದಯವಿಟ್ಟು ತಿರುಗಿ ಕೊಡಿ ಎಂದು ಕೈಮುಗಿದೆ. ಅವರಿಗೆ ಖರೆಯೇ ಕೆಟ್ಟೆನಿಸಿತು. ಚಹಾ ತರಿಸಿದರು, ಬೆನ್ನು ಸವರಿದರು, ಗೋಡೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಐದ ಇದ್ದಾಗ ಕೇಳಿದ್ರ ಹಂಗ ಕೊಟ್ಟಬಿಡತಿದ್ನಿ ಮಾಸ್ತರ. ಈಗ ಔಟಾಫ್ ಔಟ್ ಐತಿ. ಹೆಂಗ ಬಿಡಲಿ?"

೨. ಹುಕ್ಕೇರಿಯ ಔಷಧ

ಹುಕ್ಕೇರಿಯ ಡಾಕ್ಟರು ಒಳ್ಳೆಯವರು. ಫೋನಿನಲ್ಲೇ, "ಬಂದು ಒಯ್ಯರಿ ಮಾಸ್ತರ, ಅದಕ್ಕೇನು ಕೇಳತೀರಿ," ಎಂದಿದ್ದರು. ಬಸ್ಸಿನಲ್ಲಿ ಕೂತಾಗ ಅವಳನ್ನೇ ತವರಿನಿಂದ ಕರೆತರಲು ಹೊರಟಷ್ಟು ಸಡಗರ ನನಗೆ. ಚಿತ್ರಕ್ಕೆ ಸುತ್ತಲು ಅವಳ ಹಳೆಯದೊಂದು ಸೀರೆಯನ್ನೂ ಒಯ್ದಿದ್ದೆ.

ದವಾಖಾನೆಯಲ್ಲಿ ಪೇಷಂಟುಗಳು ಕೂರುವ ಕೋಣೆಯ ಗೋಡೆಯ ಮೇಲೆ ಅದು ಇತ್ತು. ರೊಟ್ಟಿ ಇತ್ತು, ರೊಟ್ಟಿಯ ಮೇಲೆ ಎರಡು ಕೈ ಇದ್ದವು, ಬಳೆ ಇದ್ದವು. ಮುಖ ಇರಲಿಲ್ಲ. ಎಂಟನೆಯ ಪ್ರತಿ ಎಂಬ ಗುರುತೂ ಇರಲಿಲ್ಲ, ನನ್ನ ಸಹಿಯೂ ಇರಲಿಲ್ಲ.

ಡಾಕ್ಟರು ಎದುರಿನ ಅಂಗಡಿಯಿಂದ ಫ್ರೇಮು ಹಾಕುವವನನ್ನು ಕರೆಸಿದರು. ಅವನು ಬಹಳ ಅಭಿಮಾನದಿಂದಲೇ ವಿವರಿಸಿದ.

"ಕೆಳಗ ಯಾರೋ ಪೆನ್ಸಿಲ್‌ಲೆ ಗೀಚಿದ್ರರಿ. ಹೊಲಸ ಕಾಣತಿತ್ತು, ಮೊದಲ ಅದನ್ನ ಕತ್ತರಿಸಿ ತಗದ್ನಿ. ಆಮ್ಯಾಲ ಚಿತ್ರ ಉದ್ದಂದು, ನನ್ನ ಕಡೆ ರೆಡಿ ಇದ್ದ ಫ್ರೇಮ ಅಡ್ಡಂದು. ಮ್ಯಾಲೆ ಬರೇ ತಲಿ ಇತ್ರಿ, ಕೆಲಸದ್ದೆಲ್ಲಾ ಕೆಳಗ ಇತ್ತು. ತಲಿ ತಗದ್ನಿ."

ಬರೇ ತಲೆ. ಪೇಷಂಟುಗಳ ಬೆಂಚಿನ ಮೇಲೆ ಕೂತೆ.

ಡಾಕ್ಟರು ನನ್ನ ಬಣ್ಣ ನೋಡಿ ಒಳಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ಏರಿತ್ತು. ಅವಳು ಹೋದ ಮೇಲೆ ನಾನು ಮೂರು ಹೊತ್ತೂ ಅನ್ನ ಬೇಯಿಸಿಕೊಂಡು ಉಣ್ಣುತ್ತಿದ್ದೆ. ಅವಳಿದ್ದಾಗಲೂ ಅನ್ನವೇ ಬೇಕಿತ್ತು. ರೊಟ್ಟಿ ಉಣ್ಣಿರಿ, ಅನ್ನ ಬಿಡ್ರಿ ಎಂದು ಅವಳು ದಿನಾ ಬೈಯುತ್ತಿದ್ದಳು.

ಡಾಕ್ಟರು ಚೀಟಿ ಬರೆಯಲಿಲ್ಲ. ಬಾಗಿಲಾಚೆ ಗೋಡೆಯ ಕಡೆ ಬೆರಳು ತೋರಿಸಿದರು. "ಸಕ್ಕರಿ ಬ್ಯಾನಿಯವ್ರಿಗೆ ನಾ ಅದನ್ನ ತೋರಸ್ತೀನ್ರಿ. ದಿನಾ ಅವು ಎರಡ ಉಣ್ರಿ. ಬಡದ ಕೊಡಾಕ ಮನ್ಯಾಗ ಯಾರ ಅದಾರ?"

೩. ಸಂಕೇಶ್ವರದ ತಿಳಿದವರು

ಈ ಗುರುತುಗಳ ಅರ್ಥ ಪೂರ್ತಿ ಬಲ್ಲವರು ನನಗೆ ಸಿಕ್ಕಿದ್ದು ಒಬ್ಬರೇ, ಸಂಕೇಶ್ವರದ ನಿವೃತ್ತ ಬ್ಯಾಂಕ್ ಮ್ಯಾನೇಜರು. ಖರೇ ಹದಿನೈದನೆಯ ಪ್ರತಿ ಅವರದು. ಗೋಡೆಗೆ ಹಾಕಿರಲಿಲ್ಲ, ಬೆಳಕು ಬಿದ್ದರೆ ಕಾಗದ ಹಳದಿಯಾಗುತ್ತದೆಂದು ತಿಜೋರಿಯಲ್ಲಿಟ್ಟಿದ್ದರು.

"ಹಲಗಿ ಕೆಡಿಸೀರಿ ಹೌದಿಲ್ಲೋ?" ಎಂದು ಮೊದಲು ಕೇಳಿದರು.

"ಕೆಡಿಸೇನ್ರಿ."

"ಚಿತ್ರದಾಗಿನ ಹೆಣ್ಣಮಗಳು?"

"ತೀರಿಕೊಂಡ್ಳ್ರಿ. ನಮ್ಮ ಮನಿಯಾಕಿ."

"ಅಯ್ಯ ಪಾಪ," ಎಂದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಅಂದ್ರ ಇನ್ನೊಂದ ಮಾಡಾಕೂ ಬರೂದಿಲ್ಲ. ಹಂಗಾದ್ರ ಇದನ್ನ ಕೊಡಾಕ ಆಗೂದಿಲ್ರಿ," ಎಂದರು.

ಹೋಗಲಿ, ಒಮ್ಮೆ ನೋಡುತ್ತೇನೆ ಎಂದೆ. ಕೈಗೆ ಬಿಳಿ ಗವಸು ಹಾಕಿಕೊಂಡು ಹೊರತೆಗೆದರು. ನಾನು ಕೈ ಚಾಚಿದ ಕೂಡಲೇ ಹಿಂದೆ ಸರಿದು, "ದೂರ ನಿಂದರ್ರಿ ಮಾಸ್ತರ, ಬೆವರು ಹತ್ತತೈತಿ," ಎಂದರು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಎರಡು ಮಾರು ದೂರದಿಂದ ನೋಡಿ ಬಂದೆ.

೪. ಕಡೆಗೆ ಮನೆಯಲ್ಲಿ

ಮರುದಿನ ಅಟ್ಟದಿಂದ ಕೆಟ್ಟ ಹಲಗೆಯನ್ನೇ ಇಳಿಸಿ, ಮಸಿ ಹಚ್ಚಿ ಒಂದು ಕಾಗದ ತೆಗೆದೆ. ನನ್ನ ಗೀಟುಗಳು ಎರಡೂ ಹುಬ್ಬಿನ ನಡುವೆ ಹಾಯ್ದು ತುಟಿಯ ತನಕ ಇಳಿದಿದ್ದವು. ಎಷ್ಟು ಜೋರಾಗಿ ಕೊರೆದಿದ್ದೆನೋ, ನಗು ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ. ಅದನ್ನು ಮುಂದಿಟ್ಟುಕೊಂಡು ಅತ್ತೆ.

ಅವತ್ತು ಅಕ್ಕನ ಸೀರೆಗಳನ್ನು ತೆಗೆದಿಡಲು ಕೌಜಲಗಿಯಿಂದ ನಾದಿನಿ ಬಂದಿದ್ದಳು. ಬಂದು ನೋಡಿ ಒಳಗೆ ಹೋದಳು. ಟ್ರಂಕಿನ ತಳದಿಂದ ಒಂದು ಕಾಗದ ತಂದು ನನ್ನ ಮುಂದೆ ಹಾಸಿದಳು. ಗೀಟಿಲ್ಲದ ಅವಳ ಮುಖ ಅದರಲ್ಲಿತ್ತು. ಮಸಿ ಹೆಚ್ಚಾಗಿ ಅಲ್ಲಲ್ಲಿ ಹರಡಿತ್ತು, ಅಂಚಿನಲ್ಲಿ ಹೆಬ್ಬೆರಳ ಗುರುತುಗಳಿದ್ದವು. ಆದರೆ ನಗುತ್ತಿದ್ದಳು.

"ನೀವು ಬೆಳಗಾವಿಗೆ ಹ್ವಾದಾಗ ನಾವಿಬ್ರೂ ಕೂಡಿ ತಗದಿದ್ದು ಮಾವಾರ. ಹೇಳಬ್ಯಾಡ ಅಂದಿದ್ಲು."

ಕೆಳಗೆ ಬಲಕ್ಕೆ, ನನ್ನ ಸಹಿ ಇರುವ ಜಾಗದಲ್ಲಿ, ಅವಳು ರೇಷನ್ ಅಂಗಡಿಯಲ್ಲಿ ಮಾಡುವ ವಕ್ರ ಸಹಿ ಇತ್ತು. ಎಡಕ್ಕೆ ಪೆನ್ಸಿಲ್ಲಿನಲ್ಲಿ ೧೬/೧೫.

ನಾನು ಅಳುತ್ತಲೇ ಮಾಸ್ತರಿಕೆ ತೆಗೆದೆ. "ಹದಿನೈದರಾಗ ಹದಿನಾರನೇದು ಹೆಂಗ ಬರತೈತಿ?"

"ನಾನೂ ಅದನ್ನ ಕೇಳಿದ್ನಿರಿ. ಹದಿನೈದ ಮಂದಿಗೆ ರೊಟ್ಟಿ ಬಡದ ಹಾಕಿದ ಮ್ಯಾಲೆ ಬಡದಾಕಿಗೂ ಒಂದ ಬೇಕಲ್ಲ ಅಂದ್ಲು ಅಕ್ಕ."

ಕಾಯ್ದೆಯ ಪ್ರಕಾರ ಅದನ್ನು ಹರಿಯಬೇಕು, ಹದಿನೈದು ಜನಕ್ಕೆ ಮಾತು ಕೊಟ್ಟಿದ್ದೇನೆ. ಫ್ರೇಮು ಹಾಕಿಸಿ, ಆಧಾರ್ ಕಾರ್ಡಿನವಳನ್ನು ಇಳಿಸಿ, ಅಲ್ಲೇ ತೂಗುಹಾಕಿದೆ. ಫ್ರೇಮು ಹಾಕುವವನ ಪಕ್ಕದಲ್ಲಿ ಕೊನೆಯ ಮೊಳೆ ಹೊಡೆಯುವ ತನಕ ಕೂತಿದ್ದೆ.

ಹದಿನೈದು ದಿನದ ಹಿಂದೆ ಮೂಡಲಗಿಯ ಸಾಹುಕಾರರು ಮಗಳ ಲಗ್ನಪತ್ರಿಕೆ ಕೊಡಲು ಬಂದರು. ಚಿತ್ರ ನೋಡಿದರು, ಚಷ್ಮಾ ಹಾಕಿಕೊಂಡು ಕೆಳಗಿನ ಅಂಕಿಯನ್ನು ಇನ್ನೊಮ್ಮೆ ನೋಡಿದರು. ಅವರ ಮುಖ ಗಂಟಿಕ್ಕಿತು.

"ಮನಿಯವರಂತ ಒಂದ ಮಾರ್ಕ್ಸ್ ಜಾಸ್ತಿ ಹಾಕೀರಿ, ಹೌದಿಲ್ಲೋ ಮಾಸ್ತರ?"

"ಹೌದ್ರಿ," ಎಂದೆ. "ಹಾಕಾಕ ತಡ ಆತು."