ಮಾವನ ಇನ್ನೂರ ಮೂವತ್ತು

ಬೆಳಗ್ಗೆ ಆರು ಹತ್ತು. 221. ಷರಾ: ಸರಿ, ಮಿಕ್ಸಿ ಹಾಕಬಹುದು.

ಹೊಸಪೇಟೆಯಲ್ಲಿ ಪಂಚಾಂಗ ನೋಡದೆ ಮದುವೆ ಮಾಡುವವರು ಸಿಗಬಹುದು. ವೋಲ್ಟೇಜ್ ನೋಡದೆ ಚಟ್ನಿ ರುಬ್ಬುವವರು ನಮ್ಮ ಸೋದರಮಾವನ ಮನೆಯಲ್ಲಂತೂ ಸಿಗುವುದಿಲ್ಲ! ಕೆಲಸದ ಸಲುವಾಗಿ ನಾನು ಇರುವುದು ಅವರ ಮನೆಯಲ್ಲೇ. ಅಡುಗೆಮನೆಯ ಗೋಡೆಗೆ ಕೆಂಪು ಅಂಕಿಯ ಮೀಟರು, ಕೆಳಗೆ ದಾರ ಕಟ್ಟಿದ ನೋಟ್‌ಬುಕ್ಕು. ಮನೆಗೆ ಬರಬೇಕಾದದ್ದು 230. ಶೇಕಡಾ ಆರರಷ್ಟು ಮೇಲೆ ಕೆಳಗೆ ಆದರೆ ಕ್ಷಮೆಯುಂಟು. ಅದಕ್ಕಿಂತ ಇಳಿದ ದಿನ ನಮಗೆ ಉಪ್ಪಿನಕಾಯಿಯೇ ಗತಿ. ಎಲ್ಲ ಬಂದ್ ಆದರೂ ಒಂದು ಮಾತ್ರ ನಡೆಯಲೇಬೇಕು: ಪಕ್ಕದ ಕೋಣೆಯಲ್ಲಿ ಅತ್ತೆಗೆ ಉಸಿರು ಕೊಡುವ ಆಕ್ಸಿಜನ್ ಮಷೀನು.

ಮಾವನದು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ವೋಲ್ಟೇಜ್ ಕೆಟ್ಟಷ್ಟೂ ವ್ಯಾಪಾರ! ಆದರೂ ಕಡ್ಡಿರಾಂಪುರದ ರೈತರೊಬ್ಬರು ಪಂಪಿನ ಮೋಟಾರು ತಂದಿಳಿಸಿದರೆ, ಇವರು ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು ನಿಲ್ಲುತ್ತಾರೆ.

"ಇದು ತಾನಾಗೆ ಸತ್ತಿಲ್ಲ, ನೀವ ಕೊಂದೀರಿ. ಚಾಲೂ ಮಾಡೂ ಮುಂದ ವೋಲ್ಟೇಜ್ ನೋಡಿದ್ರ್ಯಾ?"

"ಕರೆಂಟ್ ಬಂದಿದ್ದ ದೊಡ್ಡದು, ಅದರ ಮಾರಿ ಯಾರ್ ನೋಡ್ತಾರ್ರಿ!"

ಕಂಪ್ಲಿಯಿಂದ ಅಕ್ಕಿ ಗಿರಣಿಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗನ ಓದು, ಉದ್ಯೋಗ, ಗುಣ? ಮಾವ ಕೇಳಿದ್ದು ಒಂದೇ.

"ನಿಮ್ಮನ್ಯಾಗ ಸಂಜೀಮುಂದ ಎಷ್ಟ್ ಬರ್ತೈತ್ರಿ?"

"ಏನು, ಮಂದೀನಾ?"

"ವೋಲ್ಟೇಜ್ರೀ!"

ಅವರಿಗೆ ಗೊತ್ತಿರಲಿಲ್ಲ. ಒಳಗಿನಿಂದ ಅತ್ತೆ, "ಹೋಗ್ಲಿ ಬಿಡ್ರಿ, ಹುಡುಗಿಗೇನ್ ಪ್ಲಗ್ ಐತೇನು?" ಎಂದು ಕೆಮ್ಮುತ್ತಾ ನಕ್ಕರು. ಆ ಸಂಬಂಧ ಕೂಡಿಬರಲಿಲ್ಲ. ನನಗೇನೂ ಬೇಸರವಾಗಲಿಲ್ಲ, ಅಷ್ಟು ಸಾಕು.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ತಲೆಯ ಮೇಲಿನ ಫ್ಯಾನು ಸ್ವಲ್ಪ ಜೋರಾಯಿತು. ಗಾಳಿ ಚೆನ್ನಾಗಿದೆ ಎಂದುಕೊಂಡೆ ನಾನು, ಎಂಎಸ್ಸಿ ಓದಿದವಳು! ಮಾವ ರೊಟ್ಟಿ ಬಿಟ್ಟು ಓಡಿದರು. ಎಂಜಲುಗೈಯಲ್ಲೇ ಮೇನ್ ಸ್ವಿಚ್ ಆರಿಸಿದರು. ಅದೇ ಓಟದಲ್ಲಿ ಅತ್ತೆಯ ಮೂಗಿನ ನಳಿಕೆಯನ್ನು ಮಂಚದ ಪಕ್ಕದ ಸಿಲಿಂಡರಿಗೆ ಜೋಡಿಸಿದರು. ಒಂದು ಉಸಿರೂ ತಪ್ಪಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಟೀವಿ ಢಮ್ ಎಂದಿತು. ಕಂಬದ ಮೇಲೆ ವೋಲ್ಟೇಜನ್ನು ಹದದಲ್ಲಿಡುವ ನ್ಯೂಟ್ರಲ್ ತಂತಿ ಹರಿದು, ಓಣಿಯ ಹಲವು ಮನೆಗಳಿಗೆ ಮುನ್ನೂರಕ್ಕೂ ಹೆಚ್ಚು ನುಗ್ಗಿತ್ತು.

ಇನ್ನು ಒಂದು ತಿಂಗಳು ಇದೇ ಪುರಾಣ ಎಂದುಕೊಂಡೆ. ಆದರೆ ಮಾವ ಮಷೀನಿನ ಹಿಂದಿನ ಚೀಟಿಯನ್ನು ಒರೆಸುತ್ತಾ ಕೂತಿದ್ದರು.

"207ರಿಂದ 253 ತನಕ ತಡಕೋತೈತಿ ಅಂತ ಇದರ ಮ್ಯಾಲ ಬರದೈತಿ ನೋಡವ್ವ," ಎಂದರು ಮೆಲ್ಲಗೆ. "ನಿಮ್ಮತ್ತಿ ಮ್ಯಾಲ ಎಲ್ಲೂ ಬರದಿಲ್ಲ."

ಸಂಜೆಯ ಹೊತ್ತಿಗೆ ತಂತಿ ಸರಿಯಾಯಿತು. ಮರುದಿನ ಬೆಳಗ್ಗೆ ಆರು ಹತ್ತಕ್ಕೆ ಮಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು. ನಾನು ನೋಟ್‌ಬುಕ್ಕು ತೆರೆದು 228 ಎಂದು ಬರೆದೆ. ಷರಾ: ಅತ್ತೆ ಎದ್ದಿದ್ದಾರೆ, ಚಹಾ ಕೇಳಿದರು.